ಸಿಪಿಯು ಫ್ಯಾನ್ ಸದ್ದು ಪದೇ ಪದೇ ಏರಿಳಿಯುತ್ತಿದ್ದರೆ: ನನ್ನ ಅನುಭವ

ನನ್ನ ಕಂಪ್ಯೂಟರಿನ ಸಿಪಿಯು (ಮುಖ್ಯ ಚಿಪ್) ಮೇಲೆ ಎರಡು ಟವರಿನ ದೊಡ್ಡ ಏರ್ ಕೂಲರ್, 140 ಮಿ.ಮೀ. ಫ್ಯಾನ್. ಆದರೂ ಬ್ರೌಸರಿನಲ್ಲಿ ಒಂದು ಟ್ಯಾಬ್ ತೆರೆದರೆ ಸಾಕು, ಫ್ಯಾನ್ ಗುಂಯ್ ಎಂದು ಏರಿ, ನಾಲ್ಕೈದು ಸೆಕೆಂಡಿಗೆ ಸುಮ್ಮನಾಗುತ್ತಿತ್ತು. ಮತ್ತೆ ಅದೇ ಕಥೆ. ಭಾರೀ ಕೆಲಸ ಕೊಟ್ಟಾಗ ಮಾತ್ರ ಸದ್ದು ಒಂದೇ ಸಮ.

ಚಿಪ್ಪಿನ ಶಾಖವನ್ನು ಕೂಲರಿಗೆ ದಾಟಿಸುವ ಥರ್ಮಲ್ ಪೇಸ್ಟ್ ಬದಲಿಸಿದೆ, ಕೂಲರ್ ಬಿಚ್ಚಿ ಮತ್ತೆ ಕೂರಿಸಿದೆ. ಏನೂ ಆಗಲಿಲ್ಲ. ಬಯಾಸಿನ (ಕಂಪ್ಯೂಟರ್ ಆನ್ ಆಗುವಾಗ ತೆರೆಯಬಹುದಾದ ಮದರ್‌ಬೋರ್ಡ್ ಸೆಟ್ಟಿಂಗ್) ಸೈಲೆಂಟ್ ಪ್ರೊಫೈಲಿನಲ್ಲಿ ಏರಿಳಿತ ಸ್ವಲ್ಪ ಮೆತ್ತಗಾಯಿತು, ಅಷ್ಟೇ.

ಟೆಂಪರೇಚರ್ ಗ್ರಾಫ್ ನೋಡಿದಾಗ ಕಾರಣ ಸಿಕ್ಕಿತು. ಸಿಪಿಯು ಕೋರ್ ಒಂದು ಕ್ಷಣ 42ರಿಂದ 63 ಡಿಗ್ರಿಗೆ ಹಾರಿ ಇಳಿಯುತ್ತಿತ್ತು. ಚಿಪ್ ಚಿಕ್ಕದು, ಥಟ್ಟನೆ ಬಿಸಿಯಾಗುತ್ತದೆ. ಅಷ್ಟರಲ್ಲಿ ಕೂಲರಿನ ಹೀಟ್‌ಸಿಂಕಿನ ಲೋಹ ಇನ್ನೂ ಬಿಸಿಯೇ ಆಗಿರುವುದಿಲ್ಲ. ಆಗ ಫ್ಯಾನ್ ಜೋರಾಗಿ ಓಡಿ ಏನು ಪ್ರಯೋಜನ, ಅಲ್ವಾ?

ಬಯಾಸಿನಲ್ಲಿ ಇದೇ ಕ್ರಮದಲ್ಲಿ ಹೋಗಿ. ಫ್ಯಾನ್ ನಾಲ್ಕು ಪಿನ್ನಿನದಾದರೆ ಹೆಡರನ್ನು (ಮದರ್‌ಬೋರ್ಡಿನಲ್ಲಿ ಫ್ಯಾನ್ ಸಿಕ್ಕಿಸುವ ಜಾಗ) ಆಟೋದಲ್ಲಿ ಬಿಡದೆ ಪಿಡಬ್ಲ್ಯೂಎಂ (ನಾಲ್ಕನೇ ಪಿನ್ನಿನ ಸಿಗ್ನಲಿನಿಂದ ವೇಗ ನಿಯಂತ್ರಿಸುವ) ಮೋಡಿಗೆ ಹಾಕಿ. ಆಮೇಲೆ ಕರ್ವ್, ಅಂದರೆ ಯಾವ ಡಿಗ್ರಿಗೆ ಫ್ಯಾನ್ ಎಷ್ಟು ವೇಗ ಎಂಬ ಗೆರೆ: 65 ಡಿಗ್ರಿವರೆಗೆ 35%, ಗೆರೆ ಪೂರ್ತಿ ಮಟ್ಟಸ. 75ಕ್ಕೆ 60%, 85ಕ್ಕೆ 100%. ನಂತರ ಸ್ಟೆಪ್ ಅಪ್ ಟೈಮ್ (ವೇಗ ಏರಿಸುವಾಗಿನ ವಿಳಂಬ) 5 ಸೆಕೆಂಡ್, ಸ್ಟೆಪ್ ಡೌನ್ (ಇಳಿಸುವಾಗಿನ ವಿಳಂಬ) 10 ಸೆಕೆಂಡ್. ಕೆಲವು ಬೋರ್ಡುಗಳಲ್ಲಿ ಇದಕ್ಕೆ ಸ್ಮೂದಿಂಗ್ ಅಥವಾ ಡಿಲೇ ಎಂಬ ಹೆಸರಿರುತ್ತದೆ. ಇದನ್ನು ಮಾತ್ರ ಬಿಡಬೇಡಿ. ಕರ್ವ್ ಒಂದನ್ನೇ ಬದಲಿಸಿದರೆ 65ರ ಆಸುಪಾಸಿನಲ್ಲಿ ಮತ್ತೆ ಅದೇ ಏರಿಳಿತ ಶುರುವಾಗುತ್ತದೆ.

ಕಂಪ್ಯೂಟರ್ ಡಬ್ಬದ ಕೇಸ್ ಫ್ಯಾನುಗಳೂ ಸಿಪಿಯು ಸೆನ್ಸರ್ ನೋಡಿಕೊಂಡು ಓಡುತ್ತಿದ್ದರೆ ಅವನ್ನು ಮದರ್‌ಬೋರ್ಡ್ ಸೆನ್ಸರಿಗೆ ಬದಲಿಸಿ.

ಕೊನೆಗೆ 20 ನಿಮಿಷ ಸ್ಟ್ರೆಸ್ ಟೆಸ್ಟ್ (ಸಿಪಿಯುಗೆ ಪೂರ್ತಿ ಕೆಲಸ ಕೊಡುವ ಪ್ರೋಗ್ರಾಂ) ಓಡಿಸಿ. ನನ್ನಲ್ಲಿ 78 ಡಿಗ್ರಿಗೆ ನಿಂತಿತು. ನಿಮ್ಮಲ್ಲಿ 85ರ ಹತ್ತಿರ ಹೋದರೆ ಕರ್ವಿನಲ್ಲಿ 75ರ ಬಿಂದುವನ್ನು 70%ಗೆ ಏರಿಸಿ.