ಒಪಿಡಿ ಅಸಿಸ್ಟೆಂಟ್ ಕೆಲಸ ಹೇಗೆ: ಬಿಪಿ ನೋಡೋಕೆ ಮುಂಚೆ ಸ್ವೆಟರ್ ಬಿಚ್ಚಿಸಿ

ಮಡಿಕೇರಿ ಆಗ್ಲಿ, ವಿರಾಜಪೇಟೆ ಆಗ್ಲಿ, ಸೋಮವಾರಪೇಟೆ ಆಗ್ಲಿ, ಆಸ್ಪತ್ರೆಗೆ ಬಂದೋರು ಡಾಕ್ಟರ್ ಮುಖಕ್ಕಿಂತ ಮುಂಚೆ ನೋಡೋದು ಒಪಿಡಿ, ಅಂದ್ರೆ ಹೊರರೋಗಿ ವಿಭಾಗದ, ಅಸಿಸ್ಟೆಂಟ್ ಮುಖಾನ. ಹೆಸರು ಕೂಗೋದು, ತೂಕ, ಜ್ವರ ನೋಡೋದು, ವೀಲ್‌ಚೇರ್ ತಳ್ಳೋದು, ಚೀಟಿ ಹಿಡ್ಕೊಂಡು ಲ್ಯಾಬಿಗೆ ಓಡೋದು ಎಲ್ಲಾ ಇವ್ರದ್ದೇ. ಬಿಪಿ ಕೆಲವು ಕಡೆ ಸಿಸ್ಟರೇ ನೋಡ್ತಾರೆ, ಆದ್ರೆ ಜನ ಜಾಸ್ತಿ ಆದ ದಿನ ಅದೂ ಅಸಿಸ್ಟೆಂಟ್ ಕೈಗೆ ಬರುತ್ತೆ. ಜನರಲ್ ಡ್ಯೂಟಿ ಅಸಿಸ್ಟೆಂಟ್ ಕೋರ್ಸ್ ಮುಗಿಸಿ ಬಂದ ಹುಡುಗ ಹುಡುಗೀರು ಹೆಚ್ಚಾಗಿ ಎಡವೋದು ಇಲ್ಲೇ, ಎಷ್ಟೋ ಜನರದ್ದು ನೋಡಿದೀನಿ. ಚೀಟಿ ಮೇಲೆ 160/100 ಅಂತ ಇದ್ರೆ ಡಾಕ್ಟರ್ ಅದನ್ನ ನಂಬ್ತಾರೆ, ಮಾತ್ರೆ ಡೋಸ್ ಏರಿಸ್ತಾರೆ, ನಿಜವಾಗಿ 138 ಇದ್ದ ಅಜ್ಜ ಆ ಮಾತ್ರೆ ನುಂಗಿ ತಲೆ ತಿರುಗಿ ತೋಟದ ಇಳಿಜಾರಲ್ಲಿ ಬೀಳ್ತಾರೆ. ಅದಕ್ಕೇ ಈ ಲೇಖನದಲ್ಲಿ ಬಿಪಿಗೆ ಜಾಸ್ತಿ ಜಾಗ, ಉಳಿದಿದ್ದಕ್ಕೆ ಕಮ್ಮಿ.

ಹಂತ 1. ಅರ್ಧ ಗಂಟೆ ಮುಂಚೆ ಬನ್ನಿ, ಕೈ ತೊಳೀರಿ, ಬಿಪಿ ಮೆಷಿನ್ ಬ್ಯಾಟರಿ ನೋಡ್ಕೊಳ್ಳಿ, ತೂಕದ ಮೆಷಿನ್ ಸೊನ್ನೆಯಲ್ಲಿ ಇದ್ಯಾ ನೋಡಿ. ಕಾಲಿಗೆ ಹಿಡಿತ ಇರೋ ರಬ್ಬರ್ ಶೂ ಹಾಕಿ. ಮಳೆಗಾಲದಲ್ಲಿ ನೂರಾರು ಛತ್ರಿ ನೀರು ಸುರಿಸಿದ ನೆಲದ ಮೇಲೆ ಚಪ್ಪಲಿ ಹಾಕ್ಕೊಂಡು ವೀಲ್‌ಚೇರ್ ತಳ್ಳೋದು ಬೇಡವೇ ಬೇಡ.

ಹಂತ 2. ಹೆಸರು ಕೂಗೋದು. ಬೋಪಣ್ಣ ಅಂತ ಕೂಗಿದ್ರೆ ಇಬ್ರು ಎದ್ದು ನಿಲ್ತಾರೆ, ಮುತ್ತಮ್ಮ ಅಂದ್ರೆ ಮೂವರು. ಮನೆ ಹೆಸರು, ಊರು, ವಯಸ್ಸು ಎಲ್ಲಾ ಸೇರಿಸಿ ಚೀಟಿ ಜೊತೆ ತಾಳೆ ನೋಡಿ. "ನೀವು ಇಂಥೋರಾ?" ಅಂತ ಮಾತ್ರ ಕೇಳ್ಬೇಡಿ. ನಮ್ಮಲ್ಲಿ ಕೊಡವ ತಕ್ಕ್ ಆಡೋರು, ಅರೆಭಾಷೆಯೋರು, ಮಲಯಾಳದೋರು, ತೋಟದ ಕೂಲಿಯೋರ ಲೈನ್ ಮನೆಯಿಂದ ಬಂದ ಯರವರು, ಅಸ್ಸಾಂ ಕಡೆಯಿಂದ ತೋಟದ ಕೆಲಸಕ್ಕೆ ಬಂದೋರು ಎಲ್ಲಾ ಒಂದೇ ಬೆಂಚಲ್ಲಿ ಕೂತಿರ್ತಾರೆ, ಮಾತು ಅರ್ಥ ಆಗ್ದೇ ಇದ್ರೂ ಸಂಕೋಚಕ್ಕೆ ಹೂಂ ಅಂದುಬಿಡ್ತಾರೆ. "ನಿಮ್ಮ ಹೆಸರೇನು, ಯಾವೂರು?" ಅಂತ ಕೇಳಿ ಅವ್ರ ಬಾಯಿಂದಾನೇ ಹೇಳಿಸಿ.

ಹಂತ 3. ತೂಕ, ಜ್ವರ. ಗಮ್‌ಬೂಟ್, ಜರ್ಕಿನ್, ಕೈಚೀಲ ಎಲ್ಲಾ ತೆಗೆಸಿ ತೂಕ ಹಾಕಿ. ಬಾಯಲ್ಲಿ ಥರ್ಮಾಮೀಟರ್ ಇಡೋದಾದ್ರೆ ಬಿಸಿ ಕಾಫಿ ಕುಡಿದು 15 ನಿಮಿಷ ಆಗಿರ್ಬೇಕು. ಬೆರಳಿಗೆ ಆಕ್ಸಿಜನ್ ಮೀಟರ್ ಹಾಕೋವಾಗ ಕೈ ಐಸ್ ಆಗಿದ್ರೆ ಉಜ್ಜಿ ಬಿಸಿ ಮಾಡಿಸಿ, ಉಗುರಿಗೆ ಬಣ್ಣ ಹಚ್ಚಿದ್ರೆ ಬೇರೆ ಬೆರಳು ನೋಡಿ. ತಣ್ಣಗಿನ ಬೆರಳಲ್ಲಿ 88 ತೋರಿಸಿದ್ದು ಬಿಸಿ ಆದ್ಮೇಲೆ 97 ಆಗೋದುಂಟು. ಆದ್ರೆ ಉಸಿರಾಡೋಕೆ ಕಷ್ಟ ಪಡ್ತಿದ್ರೆ ಕೈ ಉಜ್ಜುತ್ತಾ ಕೂರಬೇಡಿ, ಸೀದಾ ಒಳಗೆ ಕರ್ಕೊಂಡ್ಹೋಗಿ.

ಹಂತ 4. ಬಿಪಿ. ಇಲ್ಲಿ ನಿಧಾನ ಆಗಿ.

ನಮ್ಮ ಕಡೆ ಒಪಿಡಿಗೆ ಬರೋರ ಸ್ಥಿತಿ ನೋಡಿ. ಬಸ್ಸಿಳಿದು ಏರು ಹತ್ತಿ ಬಂದಿರ್ತಾರೆ, ಸ್ಟ್ಯಾಂಡಲ್ಲಿ ಕಾಫಿ ಕುಡಿದಿರ್ತಾರೆ, ಬಾಯಲ್ಲಿ ಎಲೆ ಅಡಿಕೆ ಹೊಗೆಸೊಪ್ಪು ಇರುತ್ತೆ, ಎದ್ದು ಹೋದ್ರೆ ಟೋಕನ್ ತಪ್ಪುತ್ತೆ ಅಂತ ಮೂತ್ರ ಕಟ್ಕೊಂಡು ಕೂತಿರ್ತಾರೆ, ಮೈಮೇಲೆ ಸ್ವೆಟರ್, ಅದ್ರ ಮೇಲೆ ಜರ್ಕಿನ್. ಇದ್ರಲ್ಲಿ ಒಂದೊಂದೂ ಬಿಪಿ ನಂಬರನ್ನ ಕೆಡಿಸುತ್ತೆ. ಹಾಗಾಗಿ ಮೊದಲು ಟಾಯ್ಲೆಟ್‌ಗೆ ಹೋಗಿ ಬರೋಕೆ ಹೇಳಿ, ಟೋಕನ್ ನಾನು ಹಿಡ್ಕೊಂಡಿರ್ತೀನಿ ಅಂತ ಧೈರ್ಯ ಕೊಡಿ. ಆಮೇಲೆ ಐದು ನಿಮಿಷ ಸುಮ್ನೆ ಕೂರಿಸಿ. ಕಾಫಿ, ಹೊಗೆಸೊಪ್ಪು, ಬೀಡಿ ಆಗಿದ್ರೆ ಅರ್ಧ ಗಂಟೆ ಬಿಡ್ಬೇಕು, ಅಷ್ಟರಲ್ಲಿ ಬೇರೆಯೋರನ್ನ ನೋಡಿ.

ಕೂರೋದು ಬೆನ್ನಿಗೆ ಆಸರೆ ಇರೋ ಕುರ್ಚಿ ಮೇಲೆ, ಬೆಂಚಲ್ಲ. ಎರಡೂ ಪಾದ ನೆಲಕ್ಕೆ ತಾಗಿರ್ಬೇಕು, ಕಾಲ ಮೇಲೆ ಕಾಲು ಹಾಕಿರಬಾರದು. ಕೈ ಮೇಜಿನ ಮೇಲೆ, ಬಿಪಿ ಮೆಷಿನ್ನಿನ ಗಾಳಿ ತುಂಬೋ ಪಟ್ಟಿ ಸುತ್ತೋ ಜಾಗ ಎದೆಯ ಮಟ್ಟಕ್ಕೆ. ಮೇಜು ತಗ್ಗಾಗಿದ್ರೆ ಒಂದು ದಿಂಬು ಇಡಿ, ಕೈ ಕೆಳಗೆ ಜೋತುಬಿದ್ರೆ ನಂಬರ್ ಏರುತ್ತೆ.

ಈಗ ಸ್ವೆಟರ್. ಬಟ್ಟೆ ಮೇಲೇ ಪಟ್ಟಿ ಸುತ್ತೋದು ತಪ್ಪು, ಅದು ಎಲ್ರಿಗೂ ಗೊತ್ತು, ಆದ್ರೂ ಲೈನ್ ಉದ್ದ ಇದೆ ಅಂತ ಸುತ್ತುತಾರೆ. ತೋಳನ್ನ ಮೇಲಕ್ಕೆ ಸುರುಳಿ ಮಾಡಿ ತಳ್ಳೋದೂ ಸರಿಯಲ್ಲ, ಉಣ್ಣೆ ಸ್ವೆಟರ್ ಸುರುಳಿ ತೋಳಿಗೆ ಹಗ್ಗ ಕಟ್ಟಿದ ಹಾಗೆ ಬಿಗಿಯುತ್ತೆ, ಅದ್ರ ಕೆಳಗೆ ಬರೋ ನಂಬರ್ ನಂಬೋಕಾಗಲ್ಲ. ಪೂರ್ತಿ ಬಿಚ್ಚಿಸಿ. ಚಳಿ ಅಂದ್ರೆ ಒಂದು ತೋಳು ಮಾತ್ರ ಹೊರಗೆ ತೆಗೆಸಿ, ಉಳಿದಿದ್ದು ಹೆಗಲ ಮೇಲೆ ಇರ್ಲಿ. ಹೆಂಗಸರಿಗೆ ರವಿಕೆ ತೋಳು ಬಿಗಿ ಇದ್ರೆ ಪರದೆ ಹಿಂದೆ ಕರ್ಕೊಂಡ್ಹೋಗಿ, ಹೆಣ್ಣುಮಕ್ಕಳೇ ನೋಡಲಿ.

ಪಟ್ಟಿಯ ಕೆಳ ಅಂಚು ಮೊಣಕೈ ಮಡಿಕೆಗಿಂತ ಎರಡು ಬೆರಳು ಮೇಲೆ. ಪಟ್ಟಿ ಮೇಲೆ ಅಳತೆಯ ಗೆರೆಗಳಿರುತ್ತೆ, ಸುತ್ತಿದಾಗ ತುದಿ ಆ ಗೆರೆಗಳ ಒಳಗೆ ಬರ್ಬೇಕು. ದಪ್ಪ ತೋಳಿಗೆ ಸಣ್ಣ ಪಟ್ಟಿ ಹಾಕಿದ್ರೆ ಬಿಪಿ ಇಲ್ಲದೋರಿಗೂ ಬಿಪಿ ಬರುತ್ತೆ, ದೊಡ್ಡ ಪಟ್ಟಿ ಎಲ್ಲಿದೆ ಅಂತ ಕೇಳಿ ತರಿಸ್ಕೊಳ್ಳಿ. ಅಂಟೋ ಪಟ್ಟಿ ಹಳೇದಾಗಿ ಗಾಳಿ ತುಂಬುವಾಗ ಚರ್ ಅಂತ ಬಿಚ್ಚಿಕೊಳ್ತಿದ್ರೆ ಅದನ್ನ ಕೈಯಲ್ಲಿ ಒತ್ತಿ ಹಿಡಿಯೋ ಕೆಲಸ ಮಾಡ್ಬೇಡಿ, ಬದಲಾಯಿಸಿ. ಮಣಿಕಟ್ಟಿಗೆ ಕಟ್ಟೋ ಸಣ್ಣ ಮೆಷಿನ್ ಒಪಿಡಿಗೆ ಬೇಡ, ಕೈ ಎತ್ತರ ಸ್ವಲ್ಪ ಆಚೀಚೆ ಆದ್ರೂ ನಂಬರ್ ಬದಲಾಗುತ್ತೆ.

ಡಯಾಲಿಸಿಸ್‌ಗೆ ಫಿಸ್ಟುಲಾ, ಅಂದ್ರೆ ರಕ್ತನಾಳ ಜೋಡಿಸೋ ಆಪರೇಷನ್, ಮಾಡಿರೋ ಕೈಗೆ ಪಟ್ಟಿ ಕಟ್ಟಲೇಬಾರದು. ಸ್ತನ ಕ್ಯಾನ್ಸರ್ ಆಪರೇಷನ್ ಆಗಿರೋ ಕಡೆಯ ಕೈ ಕೂಡ ಬಿಡಿ. ಬಾಯಿಬಿಟ್ಟು ಕೇಳಿದ್ರೆ ಮಾತ್ರ ಇದು ಗೊತ್ತಾಗುತ್ತೆ, ಸ್ವೆಟರ್ ಒಳಗೆ ಕಾಣಲ್ಲ.

ಮೆಷಿನ್ ಓಡೋವಾಗ ಮಾತು ಬೇಡ. ಈ ಸಲ ಕಾಫಿ ರೇಟ್ ಎಷ್ಟು, ಆನೆ ಬಂತಾ ಅಂತ ನೀವೇ ಕೇಳ್ತಾ ಇದ್ರೆ ಅವ್ರು ಉತ್ತರ ಕೊಡ್ತಾರೆ, ಬಿಪಿ ಏರುತ್ತೆ. 140/90 ಅಥವಾ ಅದಕ್ಕಿಂತ ಜಾಸ್ತಿ ಬಂದ್ರೆ ಒಂದೆರಡು ನಿಮಿಷ ಬಿಟ್ಟು ಇನ್ನೊಂದ್ಸಲ ನೋಡಿ, ಎರಡನ್ನೂ ಬರೀರಿ. ಬಂದಿದ್ದನ್ನೇ ಬರೀರಿ, 137 ಬಂದ್ರೆ 137, ಅದನ್ನ 140 ಮಾಡೋದು ಬೇಡ. ಮೆಷಿನ್ ಪದೇ ಪದೇ ಎರರ್ ತೋರಿಸಿದ್ರೆ ಎದೆಬಡಿತದ ಲಯ ತಪ್ಪಿರಬಹುದು, ಸಿಸ್ಟರ್ ಕರೀರಿ, ಅವ್ರು ಸ್ಟೆತಸ್ಕೋಪ್ ಇಟ್ಟು ನೋಡ್ತಾರೆ. ನೋಡದೇನೇ 120/80 ಅಂತ ಬರೆದು ಲೈನ್ ಖಾಲಿ ಮಾಡೋರಿಗೆ ಈ ಕೆಲಸ ಕೊಡಲೇಬಾರದು ಅನ್ನೋದು ನನ್ನ ಗಟ್ಟಿ ಅಭಿಪ್ರಾಯ.

ಬಸುರಿ ಹೆಂಗಸಿಗೆ 140/90 ಮುಟ್ಟಿದ್ರೆ ಚೀಟಿ ಬರೆದು ಬೆಂಚಿಗೆ ವಾಪಸ್ ಕಳಿಸಬೇಡಿ, ಆಗ್ಲೇ ಸಿಸ್ಟರ್‌ಗೆ ಹೇಳಿ. ಜೊತೆಗೆ ತಲೆನೋವು, ಕಣ್ಣು ಮಂಜು, ಮುಖ ಊದಿರೋದು ಇದ್ರೆ ತಾವೇ ಕೈ ಹಿಡಿದು ಡಾಕ್ಟರ್ ಹತ್ರ ಕರ್ಕೊಂಡ್ಹೋಗಿ.

ಹಂತ 5. ಟೋಕನ್ ಇಲ್ದೇ ಒಳಗೆ ಹೋಗ್ಬೇಕಾದೋರು. ಎದೆನೋವು ಬಂದು ಬೆವರುತ್ತಿರೋರು, ಬಾಯಿ ಒಂದು ಕಡೆ ವಾಲಿರೋರು, ಹಾವು ಕಚ್ಚಿರೋರು. ಹಾವು ಕಚ್ಚಿದೋರು ನೋವಿಲ್ಲ, ಊತ ಇಲ್ಲ ಅಂತ ಸುಮ್ನೆ ಬಂದು ಲೈನಲ್ಲಿ ನಿಲ್ಲೋದುಂಟು, ಕಟ್ಟುಹಾವು (ಕ್ರೇಟ್) ಕಚ್ಚಿದ್ರೆ ಶುರುವಲ್ಲಿ ಹಾಗೇ ಇರುತ್ತೆ. ಅದಕ್ಕೆ ಬೆಳಿಗ್ಗೆ ಒಂದ್ಸಲ, ನಡುವೆ ಆಗಾಗ, ಬೆಂಚಿನ ಉದ್ದಕ್ಕೂ ನಡ್ಕೊಂಡು ಹೋಗಿ ಒಬ್ಬೊಬ್ಬರ ಮುಖ ನೋಡಿ ಏನಾಯ್ತು ಅಂತ ಕೇಳಿ.

ಹಂತ 6. ಕಸ. ರಕ್ತ ಆಗಿರೋ ಹತ್ತಿ ಹಳದಿ ಬುಟ್ಟಿಗೆ, ಸೂಜಿ ತೆಗೆದ ಸಿರಿಂಜ್ ಕೆಂಪಿಗೆ, ಗಾಜಿನ ಬಾಟ್ಲಿ ನೀಲಿಗೆ, ಸೂಜಿ ಬಿಳಿ ಗಟ್ಟಿ ಡಬ್ಬಕ್ಕೆ. ಆಸ್ಪತ್ರೆ ಕಸದ ಬಗ್ಗೆ ಇರೋ 2016ರ ನಿಯಮದಲ್ಲಿ ಇರೋದು ಇದೇ. ಸೂಜಿಗೆ ಮುಚ್ಚಳ ವಾಪಸ್ ಹಾಕೋಕೆ ಹೋಗ್ಬೇಡಿ, ಚುಚ್ಚಿಕೊಳ್ಳೋದು ಆಗ್ಲೇ. ಗ್ಲೌಸ್ ಹಾಕಿದ್ರೂ ತೆಗೆದ್ಮೇಲೆ ಕೈ ತೊಳೀಲೇಬೇಕು.

ಇನ್ನೊಂದು ವಿಷಯ. ಕೊಡಗು ಸಣ್ಣ ಜಿಲ್ಲೆ, ಒಪಿಡಿಗೆ ಬರೋರಲ್ಲಿ ಅರ್ಧ ಜನ ನೆಂಟರು, ಇಲ್ಲಾ ನೆಂಟರ ನೆಂಟರು. ಯಾರ ಶುಗರ್ ಎಷ್ಟು, ಯಾರ ಮಗಳು ಯಾಕೆ ಬಂದಿದ್ಲು ಅನ್ನೋದು ಮದುವೆ ಮನೆ ಊಟದ ಸಾಲಲ್ಲಿ ಬಾಯಿಗೆ ಬರಬಾರದು. ರಿಪೋರ್ಟ್ ಏನಾಗಿದೆ, ಮಾತ್ರೆ ನಿಲ್ಲಿಸ್ಲಾ ಅಂತ ಕೇಳಿದ್ರೆ ಡಾಕ್ಟರನ್ನೇ ಕೇಳಿ ಅನ್ನಿ, ಪರಿಚಯದೋರು ಅಂತ ನೀವು ಹೇಳಕ್ಕೆ ಹೋಗ್ಬೇಡಿ.

ಕೊನೆಗೆ, ಚೀಟಿ ತಗೊಳ್ಳೋವಾಗಲೇ ಯಾವ ಬಸ್ಸಿಗೆ ವಾಪಸ್ ಹೋಗ್ಬೇಕು ಅಂತ ಕೇಳಿಡಿ. ಭಾಗಮಂಡಲ, ಮಾಕುಟ್ಟ ಕಡೆಯೋರಿಗೆ ಒಂದು ಬಸ್ ತಪ್ಪಿದ್ರೆ ಮುಂದಿನದಕ್ಕೆ ತುಂಬಾ ಹೊತ್ತು ಕಾಯ್ಬೇಕು. ರಕ್ತ ಪರೀಕ್ಷೆ ಬರೆದಿದ್ರೆ ದೂರದೋರ ಸ್ಯಾಂಪಲ್ ಮೊದಲು ಲ್ಯಾಬಿಗೆ ತಲುಪಿಸಿ, ಪೇಟೆಯೋರಿಗೆ ಸ್ವಲ್ಪ ಕಾಯ್ತೀರಾ ಅಂತ ಕೇಳಿದ್ರೆ ಕಾಯ್ತಾರೆ.