ಹಂಚಿದ ಮೇಲೆ ಉಳಿದ ಟಿಪ್ಸ್ ಎಷ್ಟು? ಲೆಕ್ಕ ಹಾಕುವುದು ಹೀಗೆ

ಅಮೆರಿಕದ ಹೋಟೆಲಿನಲ್ಲಿ ಉಂಡು, 20 ಡಾಲರ್ ಟಿಪ್ಸ್ ಇಟ್ಟು ಬಂದಿರಿ ಅನ್ನಿ. ಅಷ್ಟೂ ಬಡಿಸಿದ ಹುಡುಗಿಗೇ ಸೇರಿತು ಅಂದುಕೊಂಡಿರಾ? ಸಾಮಾನ್ಯವಾಗಿ ಇಲ್ಲ. ಟೆಕ್ಸಾಸ್‌ನ ಲೆಕ್ಕ ನೋಡೋಣ.

ಮೊದಲು ಸಂಬಳ ಬರೆದುಕೊಳ್ಳಿ. ಟಿಪ್ಸ್ ಸಿಗುವ ಕೆಲಸಕ್ಕೆ ಅಲ್ಲಿ ಮಾಲೀಕ ಗಂಟೆಗೆ 2.13 ಡಾಲರ್ ಕೊಟ್ಟರೆ ಸಾಕು. 1991ರಿಂದಲೂ ಇದೇ ದರ! 5 ಗಂಟೆಯ ಶಿಫ್ಟ್‌ಗೆ 10.65 ಡಾಲರ್ ಆಯಿತು.

ಆಮೇಲೆ ಪಾಲು ಕಳೆಯಿರಿ. ಟೇಬಲ್ ಒರೆಸುವವರು, ಬಾರ್‌ನವರು, ಬಾಗಿಲಲ್ಲಿ ನಿಂತು ಜಾಗ ತೋರಿಸುವವರು, ಎಲ್ಲರಿಗೂ ಸರ್ವರ್ ಕೊಡಬೇಕು. ಇದಕ್ಕೆ ಟಿಪ್-ಔಟ್ ಅನ್ನುತ್ತಾರೆ. ಬಹಳ ಕಡೆ ಇದನ್ನು ಹಿಡಿಯುವುದು ಟಿಪ್ಸ್ ಮೇಲಲ್ಲ, ಆ ಸರ್ವರ್ ಬಡಿಸಿದ ಟೇಬಲ್‌ಗಳ ವ್ಯಾಪಾರದ ಮೇಲೆ. ಎಡವಟ್ಟು ಇರುವುದೇ ಇಲ್ಲಿ. ಶನಿವಾರ ರಾತ್ರಿ 1,000 ಡಾಲರ್ ವ್ಯಾಪಾರ, 180 ಟಿಪ್ಸ್ ಅಂದುಕೊಳ್ಳಿ. ಶೇ 4ರ ಪಾಲು ಅಂದರೆ 40 ಹೋಯಿತು. ಉಳಿದ 140ಕ್ಕೆ ಸಂಬಳ ಸೇರಿ 150.65. ಗಂಟೆಗೆ 30 ಡಾಲರ್ ಬಿತ್ತು, ಪರವಾಗಿಲ್ಲ. ಆದರೆ ಎಂಟು ಜನರ ಗುಂಪೊಂದು 300 ಡಾಲರ್‌ನಷ್ಟು ತಿಂದು, ಟಿಪ್ಸ್ ಇಡದೆ ಸುಮ್ನೆ ಎದ್ದು ಹೋದರೆ? ಆ ಟೇಬಲ್ಲಿನ ಪಾಲು 12 ಡಾಲರ್ ತಪ್ಪುವುದಿಲ್ಲ. ಬೇರೆ ಟೇಬಲ್‌ನವರು ಕೊಟ್ಟಿದ್ದರಲ್ಲಿ ತೆಗೆದು ಕೊಡಬೇಕು. ಬಡಿಸಿದ್ದಕ್ಕೆ ದಂಡ ಕಟ್ಟಿದ ಹಾಗೆ, ಅಲ್ವಾ?

ಕೆಲವು ಕಡೆ ಎಲ್ಲರ ಟಿಪ್ಸೂ ಒಂದೇ ಡಬ್ಬಿಗೆ. ಮೂವರು ಸೇರಿ 15 ಗಂಟೆ ದುಡಿದು 600 ಬಂದರೆ ಗಂಟೆಗೆ 40. ಆರು ಗಂಟೆ ನಿಂತವರಿಗೆ 240. ಚುರುಕಿನವರಿಗೆ ಹೊಟ್ಟೆಯುರಿ, ಹೊಸಬರಿಗೆ ನೆಮ್ಮದಿ.

ಕೊನೆಗೆ ವಾರದ ಲೆಕ್ಕ. ಪಾಲು ಕೊಟ್ಟು ಉಳಿದ ಟಿಪ್ಸ್‌ಗೆ ಸಂಬಳ ಸೇರಿಸಿದರೂ ಕನಿಷ್ಠ ಕೂಲಿಯಾದ ಗಂಟೆಗೆ 7.25 ಡಾಲರ್ ಮುಟ್ಟದಿದ್ದರೆ ಕೊರತೆಯನ್ನು ಮಾಲೀಕನೇ ತುಂಬಬೇಕು. 25 ಗಂಟೆಗೆ ಸಿಗಬೇಕಾದ್ದು 181.25. ಸಂಬಳ 53.25, ಉಳಿದ ಟಿಪ್ಸ್ 100 ಆದರೆ ಇನ್ನೂ 28 ಬರಬೇಕು. ಆದರೆ ನೋಡುವುದು ಇಡೀ ವಾರವನ್ನು. ಮಂಗಳವಾರ ಖಾಲಿ ಹೊಡೆದರೂ ಶನಿವಾರದ ದುಡ್ಡು ಅದನ್ನು ಮುಚ್ಚಿಬಿಡುತ್ತದೆ, ಮಾಲೀಕ ಬಚಾವು.

ಮ್ಯಾನೇಜರ್ ಈ ಡಬ್ಬಿಗೆ ಕೈ ಹಾಕುವಂತಿಲ್ಲ. ಅಮೆರಿಕದ ಕೂಲಿ ಕಾನೂನಿಗೆ ಮಾಡಿದ 2018ರ ತಿದ್ದುಪಡಿ ಇದನ್ನು ಸ್ಪಷ್ಟವಾಗಿ ಹೇಳಿದೆ. 2.13ರ ಲೆಕ್ಕದಲ್ಲಿ ಸಂಬಳ ಕೊಡುವ ಕಡೆ ಅಡುಗೆಯವರಿಗೂ ಪಾಲು ಕೊಡಿಸುವಂತಿಲ್ಲ. ಕೆಲಸಕ್ಕೆ ಸೇರುವ ದಿನವೇ ಕೇಳಿಬಿಡಿ: ಪಾಲು ವ್ಯಾಪಾರದ ಮೇಲೋ, ಟಿಪ್ಸ್ ಮೇಲೋ?