ಹಳೇ ಪಿಸಿಯ ಪ್ರೊಸೆಸರ್: ಡಬ್ಬದ ಮೇಲಿನ ನಂಬರ್ ಬಿಡಿ, ಚಿಪ್ ನೋಡಿ

ಮೈಸೂರಿನ ಮಂಡಿ ಮೊಹಲ್ಲಾ ಕಡೆಯ ಗುಜರಿ ಅಂಗಡಿಗಳಲ್ಲಿ ತೊಂಬತ್ತರ ದಶಕದ ಪಿಸಿ ಆಗೊಮ್ಮೆ ಈಗೊಮ್ಮೆ ಸಿಗುತ್ತದೆ. ಅಂಗಡಿಯವರ ಪ್ರಕಾರ ಎಲ್ಲವೂ ‘ಫೋರ್ ಏಟಿ ಸಿಕ್ಸ್ ಸಾರ್’, ಅಂದರೆ ಇಂಟೆಲ್‌ನ 386 ಪ್ರೊಸೆಸರ್‌ನ ಮುಂದಿನ ತಲೆಮಾರು 486. ಮುಂದಿನ ಡಿಸ್‌ಪ್ಲೇಯಲ್ಲಿ ವೇಗ 66 (ಮೆಗಾಹರ್ಟ್ಸ್) ಅಂತ ಬಂದರೆ ರೇಟೂ ಜಾಸ್ತಿ. ಆದರೆ ಆ ಡಿಸ್‌ಪ್ಲೇಗೂ ಪ್ರೊಸೆಸರ್‌ಗೂ ಸಂಬಂಧವೇ ಇಲ್ಲ. ಅದರ ಹಿಂಬದಿ ಜಂಪರ್‌ಗಳೆಂಬ ಪುಟ್ಟ ಕೊಂಡಿಗಳಿರುತ್ತವೆ, ಪಿಸಿ ಜೋಡಿಸಿದವರು ಯಾವ ಅಂಕಿ ಬೇಕಾದರೂ ಕೂರಿಸಬಹುದು.

ಹಾಗಾಗಿ ನಾನು ಡಬ್ಬ ಬಿಚ್ಚದೆ ಮಾತಾಡುವುದಿಲ್ಲ. ಬೋರ್ಡ್ ಮೇಲೆ ಪೀಪಾಯಿ ಆಕಾರದ ಬ್ಯಾಟರಿ ಸೋರುತ್ತಿದ್ದರೆ ಮೊದಲು ಅದನ್ನು ಕತ್ತರಿಸಿ ತೆಗೆಯುತ್ತೇನೆ. ಆಮೇಲೆ ಚಿಪ್‌ನ ಆಕಾರ. ಚಪ್ಪಟೆಯಾಗಿ, ಬೋರ್ಡ್‌ಗೇ ಬೆಸುಗೆ ಹಾಕಿದ್ದು, ಸುತ್ತ 100 ಕಾಲು ಇದ್ದರೆ 386ರ ಅಗ್ಗದ ಮಾದರಿ 386ಎಸ್‌ಎಕ್ಸ್. ಸಾಕೆಟ್‌ನಲ್ಲಿ ಕೂತ ಚಿಪ್‌ಗೆ 132 ಪಿನ್ ಇದ್ದರೆ 386ಡಿಎಕ್ಸ್‌ನ ಜಾಗ. 168 ಇದ್ದರೆ 486.

ಇಲ್ಲೂ ಒಂದು ಕಿತಾಪತಿ ಇದೆ. ಸೈರಿಕ್ಸ್ ಕಂಪನಿಯ 486ಡಿಎಲ್‌ಸಿ ಕೂರುವುದು 386ರ ಸಾಕೆಟ್‌ನಲ್ಲೇ. ಒಳಗೆ ಒಂದು ಕೆಬಿ ಕ್ಯಾಶೆ (ವೇಗದ ಪುಟ್ಟ ಮೆಮೊರಿ) ಉಂಟು, ಲೆಕ್ಕದ ಕೋಪ್ರೊಸೆಸರ್ ಇಲ್ಲ. ಮೈಮೇಲೆ 486 ಅಂತ ಬರೆದಿದ್ದರೂ ನಾನು ಅದನ್ನು 386ರ ಸಾಲಿಗೇ ಸೇರಿಸುತ್ತೇನೆ.

ಮೇಲೆ ಹೀಟ್‌ಸಿಂಕ್ ಅಂಟಿಸಿದ್ದರೆ ಬಲವಂತ ಮಾಡಬೇಡಿ. ಮೆಷಿನ್ ಸ್ವಲ್ಪ ಹೊತ್ತು ಓಡಿಸಿ, ಆಫ್ ಮಾಡಿ, ಬಿಸಿ ಇರುವಾಗಲೇ ಮೆಲ್ಲಗೆ ತಿರುಚಿ. ಬರಹ ಕಂಡ ಮೇಲೆ ಟಾರ್ಚನ್ನು ಓರೆಯಾಗಿ ಹಿಡಿದು ನೋಡಿ. ಆಗಿನ ಕಾಲದಲ್ಲಿ ಕಡಿಮೆ ವೇಗದ ಚಿಪ್ಪಿನ ಬರಹ ಉಜ್ಜಿ ಹೊಸದಾಗಿ ಬರೆದು ಮಾರುವ ದಂಧೆ ಇತ್ತು. ಉಜ್ಜಿದ ಗೆರೆ ಓರೆ ಬೆಳಕಿಗೆ ಎದ್ದು ಕಾಣುತ್ತದೆ.

ಬರಹ ಅಳಿಸಿಹೋಗಿದ್ದರೆ ಪ್ರೊಸೆಸರ್‌ಗೆ ಗಡಿಯಾರದಂತೆ ಮಿಡಿತ ಕೊಡುವ ಆಸಿಲೇಟರ್ ಡಬ್ಬಿ ನೋಡುತ್ತೇನೆ. 386ಕ್ಕೆ ಅದರ ವೇಗದ ಎರಡರಷ್ಟು ಮಿಡಿತ ಬೇಕು. 80 ಅಂತ ಇದ್ದರೆ ಪ್ರೊಸೆಸರ್ ಓಡುವುದು 40ರಲ್ಲಿ. 486ರ ಡಿಎಕ್ಸ್2 ಮಾದರಿಯಲ್ಲಿ ಉಲ್ಟಾ. ಡಿಎಕ್ಸ್2-66ಕ್ಕೆ ಬೋರ್ಡ್ ಕೊಡುವುದು 33, ಚಿಪ್ ಒಳಗೇ ಎರಡರಷ್ಟು ಮಾಡಿಕೊಳ್ಳುತ್ತದೆ.

ಎಸ್‌ಎಕ್ಸ್, ಡಿಎಕ್ಸ್ ಗೊಂದಲ 486ರಲ್ಲಿ ಬೇರೆ ಥರ. 386ರಲ್ಲಿ ಎಸ್‌ಎಕ್ಸ್ ಅಂದರೆ ಹೊರಗಿನ ಬಸ್ (ಡೇಟಾ ಓಡಾಡುವ ದಾರಿ) 16 ಬಿಟ್. 1991ರ 486ಎಸ್‌ಎಕ್ಸ್‌ನಲ್ಲಿ ಬಸ್ ಪೂರ್ತಿ 32 ಬಿಟ್, ಕೋಪ್ರೊಸೆಸರ್ ಮಾತ್ರ ಇಲ್ಲ. ಪಕ್ಕದ ಸಾಕೆಟ್‌ನಲ್ಲಿ 487ಎಸ್‌ಎಕ್ಸ್ ಇದ್ದರೆ ಸಾಫ್ಟ್‌ವೇರ್ ಅದನ್ನು ಡಿಎಕ್ಸ್ ಅನ್ನುತ್ತದೆ. ಸುಳ್ಳೇನಲ್ಲ. 487 ಅನ್ನುವುದೇ ಒಂದು ಪೂರ್ತಿ 486ಡಿಎಕ್ಸ್, ಹಳೇ ಚಿಪ್ಪನ್ನು ಸುಮ್ನೆ ಕೂರಿಸಿ ತಾನೇ ಎಲ್ಲ ಕೆಲಸ ಮಾಡುತ್ತದೆ! ಇಂಟೆಲ್‌ನವರ ವ್ಯಾಪಾರ ಬುದ್ಧಿ ಮೆಚ್ಚಬೇಕು ಅಲ್ವಾ?

486ರ ನಂತರ ಬಂದ ಪೆಂಟಿಯಂನ ಮೊದಮೊದಲ ಚಿಪ್ ಸಿಕ್ಕರೆ ಅದೇ ಪಿಸಿಯ ಕ್ಯಾಲ್ಕುಲೇಟರ್‌ನಲ್ಲಿ 4195835ನ್ನು 3145727ರಿಂದ ಭಾಗಿಸಿ. ಉತ್ತರ 1.3338 ಅಂತ ಶುರುವಾದರೆ ಸರಿ. 1.3337 ಬಂದರೆ 1994ರಲ್ಲಿ ಗಲಾಟೆ ಎಬ್ಬಿಸಿದ ದೋಷದ ಚಿಪ್ ಅದೇ. ನನ್ನಂಥವರಿಗೆ ಅದೇ ಹೆಚ್ಚು ಇಷ್ಟ.

ಚಿಪ್ ಬದಲಿಸುವ ಮೊದಲು ವೋಲ್ಟೇಜ್ ನೋಡಿ. ಡಿಎಕ್ಸ್2-66 ಸಾಮಾನ್ಯವಾಗಿ 5 ವೋಲ್ಟ್, ಇಂಟೆಲ್‌ನ ಇನ್ನೊಂದು 486 ಮಾದರಿ ಡಿಎಕ್ಸ್4 ಆದರೆ 3.3 ವೋಲ್ಟ್. ಪಿನ್ ಸರಿಯಾಗಿ ಕೂತಿತು ಅಂತ ಡಿಎಕ್ಸ್4ನ್ನು 5 ವೋಲ್ಟ್ ಬೋರ್ಡ್‌ಗೆ ಹಾಕಿ ಸ್ವಿಚ್ ಒತ್ತಬೇಡಿ.